ಬಾಗಿಲಲ್ಲಿ ಬಿಟ್ಟ ಬೂಟು

ಕೌನ್ಸಿಲ್ ಬ್ಲಫ್ಸ್, ಅಯೋವಾ
ಸೆಪ್ಟೆಂಬರ್ 17

ಅಪ್ಪಾ,

ನೀನೂ ನಾನೂ ಫೋನಿನಲ್ಲಿ ಮಾತಾಡುವುದಿಲ್ಲ, ಕಿರುಚುತ್ತೇವೆ; ಇನ್ನು ಮೇಲೆ ಕಾಗದ ಬರೆದುಕೊಳ್ಳಿ ಎಂದು ಅಮ್ಮ ಅಪ್ಪಣೆ ಮಾಡಿದ್ದಾಳೆ. ಅಂಚೆಚೀಟಿ ಅಂಟಿಸುವ ಹೊತ್ತಿಗೆ ಅರ್ಧ ಸಿಟ್ಟು ಇಳಿಯುತ್ತದಂತೆ. ಹೋದ ವಾರ ನೀನು ನನ್ನನ್ನು ಬಾಡಿಗೆ ನಾಲಿಗೆ ಎಂದು ಕರೆದೆ. ಅದನ್ನು ಇಲ್ಲಿ ಎತ್ತಬಾರದು ಎಂದುಕೊಂಡೇ ಕೂತಿದ್ದೆ, ಆದರೂ ಎತ್ತಿಬಿಟ್ಟೆ.

ವಿಷಯಕ್ಕೆ ಬರುತ್ತೇನೆ. ಜನವರಿಯಲ್ಲಿ ಕಾಕಸ್ ಸಭೆ. ನಮ್ಮ ರಿಪಬ್ಲಿಕನ್ ಪಕ್ಷದಿಂದ ಅಧ್ಯಕ್ಷ ಪದವಿಗೆ ಯಾರು ನಿಲ್ಲಬೇಕು ಎಂದು ಚೀಟಿ ಬರೆಯುವ ಮೊದಲು, ಒಬ್ಬೊಬ್ಬ ಅಭ್ಯರ್ಥಿಯ ಪರವಾಗಿ ಊರಿನವರೇ ಒಬ್ಬರು ಎದ್ದು ಮಾತಾಡುತ್ತಾರಲ್ಲ, ನಮ್ಮೂರು ಡೋಕಮ್‌ನಲ್ಲಿ ಗವರ್ನರ್ ಹಾಲೋವೇ ಪರವಾಗಿ ಈ ಸಲ ನೀನು ಮಾತಾಡಬೇಕು. ಚರ್ಚಿನ ನೆಲಮಾಳಿಗೆಯಲ್ಲಿ ನೀನು ಎದ್ದು ನಿಂತರೆ ಹಿಂದಿನ ಸಾಲಿನವರೂ ಹರಟೆ ನಿಲ್ಲಿಸುತ್ತಾರೆ. ನೀನು ಹೇಳಿದವನಿಗೆ ಅರ್ಧ ಊರು ಚೀಟಿ ಹಾಕುತ್ತದೆ ಎಂದು ಅವರ ಪ್ರಚಾರದ ಆಫೀಸಿನಲ್ಲಿ ನನ್ನ ಮೇಲಿನವರಿಗೆ ಹೇಳಿಯೂ ಆಗಿದೆ.

ಸುಳ್ಳು ಹೇಳುವುದಿಲ್ಲ, ಇದರಲ್ಲಿ ನನ್ನ ಸ್ವಾರ್ಥವೂ ಇದೆ. ನಮ್ಮ ಜಿಲ್ಲೆ ಅವರ ಕೈಹಿಡಿದರೆ ನನ್ನನ್ನು ಮುಂದಿನ ರಾಜ್ಯದ ಪ್ರಚಾರಕ್ಕೂ ಕರೆದೊಯ್ಯುತ್ತಾರೆ. ಇಲ್ಲದಿದ್ದರೆ ಕಾಕಸ್‌ನ ಮರುದಿನವೇ ನಾನು ಗಂಟುಮೂಟೆ ಕಟ್ಟಬೇಕು. ಆದರೆ ಅಷ್ಟಕ್ಕೇ ಕೇಳುತ್ತಿಲ್ಲ. ಕಣದಲ್ಲಿರುವ ಐದು ಜನರಲ್ಲಿ ಎದುರಿಗಿದ್ದವರ ಮಾತನ್ನು ಪೂರ್ತಿ ಕೇಳುವವರು ಇವರೊಬ್ಬರೇ.

ನಿನ್ನ
ಕೆಂಡ್ರಾ


ಡೋಕಮ್
ಸೆಪ್ಟೆಂಬರ್ 26

ಕೆಂಡ್ರಾ,

ನಿನ್ನ ಕಾಗದವನ್ನು ಅಮ್ಮ ಎರಡು ಸಲ ಓದಿದಳು. ನಾನು ಒಂದು ಸಲ ಓದಿ ಹಂದಿಗಳಿಗೆ ಮೇವು ಹಾಕಲು ಹೋದೆ. ಈಗೀಗ ಹಂದಿಗಳ ಜೊತೆಯಲ್ಲಿದ್ದರೇ ಸಮಾಧಾನ. ಹೊಟ್ಟೆಗೆ ಬಿದ್ದಮೇಲಾದರೂ ಅವು ಸುಮ್ಮನಾಗುತ್ತವೆ.

ಐದೂ ಜನ ನಮ್ಮೂರಿಗೆ ಬಂದು ಹೋದರು. ನೀನು ಚಿಕ್ಕವಳಿದ್ದಾಗ ಇಂಥವರ ಸಭೆಗೆ ಹೋಗಿ ವಾಪಸು ಬರುವಾಗ ಪಿಕಪ್ಪಿನಲ್ಲಿ ಕೂತು ಒಬ್ಬೊಬ್ಬರನ್ನೂ ತೂಗುತ್ತಿದ್ದೆವಲ್ಲ, ಮೊದಲು ಒಳ್ಳೆಯದು ಹೇಳಬೇಕು, ಆಮೇಲೆ ಕೆಟ್ಟದ್ದು ಎಂಬುದು ನಿನ್ನದೇ ಕಾನೂನಾಗಿತ್ತು. ಹಾಗೆಯೇ ಬರೆಯುತ್ತೇನೆ. ಆಗ ಅದೊಂದು ಆಟವಾಗಿತ್ತು. ಈ ಸಲ ತೂಗಿದ ಮೇಲೆ ಕೈ ತೊಳೆದುಕೊಳ್ಳಬೇಕೆನಿಸುತ್ತದೆ.

ಸೆನೆಟರ್ ಬ್ರಾಕನ್‌ಗೆ ಸಂವಿಧಾನವೆಲ್ಲ ಬಾಯಿಪಾಠ. ಮೆಚ್ಚಬೇಕಾದ್ದೇ. ಆದರೆ ಬಾಯಿಪಾಠ ಒಪ್ಪಿಸಲು ಶುರುಮಾಡಿದರೆ ನಿಲ್ಲಿಸುವುದೇ ಇಲ್ಲ. ಪಿಜ್ಜಾ ಹೋಟೆಲಿನ ಹಿಂದಿನ ಕೋಣೆಯಲ್ಲಿ ಅವನು ಮಾತಾಡುತ್ತಲೇ ಇದ್ದ, ನಮ್ಮ ತಟ್ಟೆಯಲ್ಲಿ ಚೀಸು ಗಟ್ಟಿಯಾಗುತ್ತಲೇ ಇತ್ತು. ದೋಣಿ ಮಾರಿ ಕೋಟ್ಯಧೀಶನಾದ ಡ್ಯೂಕ್ ಕಾರ್ಮೋಡಿ ಯಾರಿಗೂ ಹೆದರುವುದಿಲ್ಲ. ಅದು ಅವನ ಗುಣ. ಯಾವುದಕ್ಕೂ ನಾಚುವುದಿಲ್ಲ. ಅದೂ ಅವನ ಗುಣವೇ ಎಂದು ಪಕ್ಕದ ಹೊಲದ ಡೆಲ್ಬರ್ಟ್ ಹೇಳುತ್ತಾನೆ. ಗಾಲಿಕುರ್ಚಿಯಲ್ಲಿದ್ದ ಮುದುಕಿಯ ಬಗ್ಗೆ ಅವನೊಂದು ಕೆಟ್ಟ ಹಾಸ್ಯ ಮಾಡಿದ. ಜನ ನಕ್ಕರು, ಕೆಂಡ್ರಾ. ನಾನು ಭಾನುವಾರ ಭಾನುವಾರ ಪಕ್ಕದಲ್ಲಿ ಕೂತು ಕೀರ್ತನೆ ಹಾಡುವ ಜನ. ಪಾದ್ರಿ ಸ್ಟೇಪಲ್ಟನ್ ಕಣ್ಣಲ್ಲಿ ನೀರು ಬರುವ ಹಾಗೆ ಪ್ರಾರ್ಥಿಸುತ್ತಾನೆ, ಆದರೆ ಪ್ರತಿ ಪ್ರಾರ್ಥನೆಯ ಕೊನೆಗೂ ದೇವರು ಅವನನ್ನೇ ಆರಿಸಿರುವ ಸುದ್ದಿ ಇರುತ್ತದೆ.

ಎಲ್ಲರಿಗೂ ನಾನು ಕೇಳಿದ್ದು ಒಂದೇ ಪ್ರಶ್ನೆ. "ನಾನು ಬೇಡ ಅಂದ್ರೂ ಒಂದು ಕಂಪನಿ ಬಂದು ನನ್ನ ಹೊಲ ಅಗೀಬಹುದಾ? ಹೌದು ಅನ್ನಿ, ಇಲ್ಲಾಂದ್ರೆ ಇಲ್ಲ ಅನ್ನಿ." ನೀನು ಮರೆತಿರಬಹುದು, ಅದಕ್ಕೇ ಮತ್ತೆ ಬರೆಯುತ್ತೇನೆ. ಎಥನಾಲ್ ಕಾರ್ಖಾನೆಗಳ ಹೊಗೆಯನ್ನು ಕೊಳವೆಗೆ ತುಂಬಿ ನಮ್ಮ ಉತ್ತರದ ಹೊಲದ ಹೊಟ್ಟೆ ಸೀಳಿಕೊಂಡು ಪಕ್ಕದ ರಾಜ್ಯಕ್ಕೆ ಒಯ್ಯುತ್ತಾರಂತೆ. ಸಹಿ ಹಾಕದಿದ್ದರೆ ಸರ್ಕಾರದ ಕಡೆಯಿಂದ ಬಲವಂತದ ಸ್ವಾಧೀನ. ಆ ಹೊಲದಡಿ ನಿನ್ನ ಮುತ್ತಜ್ಜ ಗುದ್ದಲಿಯಲ್ಲಿ ತೋಡಿ ಹೂತ ಹೆಂಚಿನ ಬಸಿಕೊಳವೆಗಳಿವೆ. ಅವು ಒಡೆದರೆ ಅದು ಮತ್ತೆ ಜೌಗು.

ಸೆನೆಟರ್ "ಬಹಳ ಗಂಭೀರವಾದ ಪ್ರಶ್ನೆ ಸಾರ್" ಎಂದು ಗಡಿಯಾರ ನೋಡಿಕೊಂಡ. ದೋಣಿಯವನು "ನಾನು ಗೆದ್ರೆ ಎಲ್ಲಾ ಸರಿಹೋಗತ್ತೆ, ನಂಬ್ಕೊಳ್ಳಿ" ಎಂದ. ಪಾದ್ರಿ ನನಗಾಗಿ ಪ್ರಾರ್ಥಿಸುತ್ತೇನೆಂದ. ಜಡ್ಜ್ ಅಡೀಲ್ ಕ್ರಾಫ್ಟನ್ ಮಾತ್ರ ನೇರವಾಗಿ ನನ್ನ ಮುಖ ನೋಡಿ, "ಹೌದು, ಅಗೀಬಹುದು. ನಾನು ಕೊಳವೆ ಪರ. ಕೋರ್ಟಿಗೆ ಹೋದ್ರೆ ನೀವು ಸೋಲ್ತೀರಿ" ಎಂದುಬಿಟ್ಟಳು. ನನಗೆ ಸಿಟ್ಟು ಬಂತು, ಗೌರವವೂ ಬಂತು. ಅಮ್ಮ ಅವಳಿಗೇ ವೋಟು ಹಾಕುತ್ತಾಳಂತೆ.

ಇನ್ನು ನಿಮ್ಮ ಗವರ್ನರ್. ಎಲ್ಲರ ಹೆಸರೂ ನೆನಪಿಟ್ಟುಕೊಳ್ಳುತ್ತಾನೆ, ಅದು ಒಳ್ಳೆಯದು. ನನ್ನ ಪ್ರಶ್ನೆಗೆ ಅವನು ನನ್ನ ಭುಜ ಹಿಡಿದು "ಆರ್ಲಿನ್, ನಿಮ್ಮ ಸಂಕಟ ನಂಗೆ ಅರ್ಥ ಆಗತ್ತೆ" ಎಂದ. ಅದಾದ ಮೇಲೆ ಕೊಳವೆಗೆ ಸಹಿ ಹಾಕಿದ ಡೆಲ್ಬರ್ಟ್‌ನ ಭುಜ ಹಿಡಿದು ಅದನ್ನೇ ಹೇಳಿದ. ಎದುರಿಗಿದ್ದವರ ಮಾತನ್ನು ಪೂರ್ತಿ ಕೇಳುತ್ತಾನೆ ಎಂದೆಯಲ್ಲ, ಹೌದು, ಕೇಳುತ್ತಾನೆ. ಕೇಳಿ ಎದುರಿಗಿದ್ದವರ ಹಾಗೇ ಆಗಿಬಿಡುತ್ತಾನೆ.

ನಾನು ಅವನ ಪರವಾಗಿ ಮಾತಾಡುವುದಿಲ್ಲ. ಅಮ್ಮ ಬ್ಯಾಂಕೆಟ್ ಸಿಹಿತಿಂಡಿ ಮಾಡಿದ್ದಾಳೆ, ಬಾದಾಮಿ ಜಾಸ್ತಿ ಹಾಕಿ. ಇದರ ಜೊತೆ ಬರುತ್ತದೆ.

ಅಪ್ಪ


ಕೌನ್ಸಿಲ್ ಬ್ಲಫ್ಸ್
ಅಕ್ಟೋಬರ್ 10

ಅಪ್ಪಾ,

ಬ್ಯಾಂಕೆಟ್ ಆಫೀಸಿನಲ್ಲಿ ಬಿಚ್ಚಿದ ಕೂಡಲೇ ಖಾಲಿ. ನನಗೆ ಸಿಕ್ಕಿದ್ದು ಅಂಚಿನ ಚೂರು.

ಗುಂಪಿನಲ್ಲಿ ಕಂಡ ಮನುಷ್ಯನನ್ನು ತೂಗಬೇಡ ಎಂದು ಹೇಳಿಕೊಟ್ಟವನು ನೀನು. ಹಾಗಾದರೆ ಅವರನ್ನು ಒಂಟಿಯಾಗಿ ನೋಡು. ನವೆಂಬರ್ ಮೊದಲ ವಾರ ಅವರನ್ನು ನಮ್ಮ ಮನೆಗೇ ಕರೆತರುತ್ತೇನೆ. ನಿನ್ನ ಹೊಲ, ನಿನ್ನ ಅಡುಗೆಮನೆ, ನಿನ್ನ ಪ್ರಶ್ನೆ. ಇದಕ್ಕಾಗಿ ನಾನು ಎಷ್ಟು ಜನರ ಕಾಲು ಹಿಡಿದಿದ್ದೇನೆ ಎಂದು ಹೇಳಿದರೆ ನೀನು ಮತ್ತೆ ಬಾಡಿಗೆಯ ಮಾತು ತೆಗೆಯುತ್ತೀಯ.

ಬೇಡ ಎನ್ನಬೇಡ.

ಕೆಂಡ್ರಾ


ಡೋಕಮ್
ಅಕ್ಟೋಬರ್ 15

ಕೆಂಡ್ರಾ,

ಬರಲಿ. ಮೊದಲು ಉತ್ತರದ ಹೊಲಕ್ಕೆ ನಡೆದು ಬಂದು, ಕಂಪನಿಯವರು ನೆಟ್ಟ ಕಿತ್ತಳೆ ಬಾವುಟಗಳ ಪಕ್ಕ ನಿಂತು ನನ್ನ ಪ್ರಶ್ನೆಗೆ ಉತ್ತರ ಕೊಡಲಿ.

ನೀನು ಕಾಲು ಹಿಡಿದಿದ್ದೇನೆ ಎಂದದ್ದಕ್ಕೆ ನಾನೂ ಒಂದು ಮಾತು ಕೊಡುತ್ತೇನೆ. ಅವನಲ್ಲಿ ನನ್ನ ಕಣ್ಣಿಗೆ ಯಾವ ಯಾವ ಒಳ್ಳೆಯದು ಕಾಣುತ್ತದೋ ಅದನ್ನೆಲ್ಲ ಕಾಕಸ್‌ನಲ್ಲಿ ಎದ್ದು ನಿಂತು ಹೇಳುತ್ತೇನೆ. ಕೆಟ್ಟದ್ದನ್ನು ನುಂಗಿಕೊಳ್ಳುತ್ತೇನೆ. ಕಂಡದ್ದಕ್ಕಿಂತ ಒಂದು ಮಾತೂ ಹೆಚ್ಚಿಲ್ಲ, ಕಡಿಮೆಯೂ ಇಲ್ಲ.

ಅಪ್ಪ


ಡೋಕಮ್
ನವೆಂಬರ್ 9

ಕೆಂಡ್ರಾ,

ಮೊನ್ನೆ ನೀನು ಅಂಗಳದಲ್ಲೇ ಕಾರಿನ ಪಕ್ಕ ಫೋನು ಕಿವಿಗಿಟ್ಟುಕೊಂಡು ನಿಂತುಬಿಟ್ಟೆ, ಹೊಲದಲ್ಲಿ, ಮನೆಯೊಳಗೆ ನಡೆದದ್ದು ನಿನಗೆ ಗೊತ್ತಿಲ್ಲ. ತನ್ನ ಕೈಯ ಹ್ಯಾಮ್ ಬನ್ನು ತಿನ್ನಲಿಕ್ಕೂ ನೀನು ಬರಲಿಲ್ಲ ಎಂದು ಅಮ್ಮ ಕೊರಗುತ್ತಿದ್ದಾಳೆ.

ಜೋಳದ ಕಟಾವು ಮುಗಿದ ಹೊಲ, ಮೇಲೆ ಮಳೆ, ಮೊಣಕಾಲಿನ ತನಕ ಕೆಸರು. ನಿಮ್ಮ ಗವರ್ನರ್ ನಡೆದೇ ಬಂದ. ಹಿಂದೆ ಕ್ಯಾಮರಾದವರು. ಬಾವುಟದ ಹತ್ತಿರ ನಿಂತು ಕೇಳಿದೆ. ಅವನು ಹೊಲವನ್ನೆಲ್ಲ ಒಮ್ಮೆ ನೋಡಿ, "ಒಬ್ಬ ಮನುಷ್ಯನ ನೆಲಾನ ಅವನ ಇಷ್ಟಕ್ಕೆ ವಿರುದ್ಧ ಕಿತ್ಕೊಳ್ಳೋದು ತಪ್ಪು, ಆರ್ಲಿನ್" ಎಂದ.

"ಇದನ್ನ ಬೇರೆ ಕಡೇನೂ ಹೇಳ್ತೀರಾ?" ಎಂದೆ.

"ನಾನು ಹೇಳಿದ್ದನ್ನ ಹೇಳಿದೀನಿ" ಎಂದ. ಅದು ಉತ್ತರವೋ ಅಲ್ಲವೋ, ಮೂರು ದಿನದಿಂದ ಯೋಚಿಸುತ್ತಿದ್ದೇನೆ.

ಆದರೆ ಒಂದು ವಿಷಯ ನನಗೆ ಹಿಡಿಸಿತು. ಹಿಂಬಾಗಿಲಿಗೆ ಬಂದವನು, ಯಾರೂ ಏನೂ ಹೇಳದೆ, ಬಗ್ಗಿ ಬೂಟು ಬಿಚ್ಚಿದ. ಗೋಡೆಯ ಪಕ್ಕ ನನ್ನ ಬೂಟಿನ ಜೊತೆ ಜೋಡಿಸಿಟ್ಟ. ದಪ್ಪ ಉಣ್ಣೆಯ ಕಾಲ್ಚೀಲದಲ್ಲಿ ಒಳಗೆ ಬಂದು ಅಡುಗೆಮನೆಯಲ್ಲಿ ಕೂತ. ಕಳೆದ ಸಲದ ಚುನಾವಣೆಯಲ್ಲಿ ಬಂದಿದ್ದ ಆ ಇನ್ನೊಬ್ಬ ಅಭ್ಯರ್ಥಿ ಅಮ್ಮನ ಜಮಖಾನದ ಮೇಲೆಲ್ಲ ಗೊಬ್ಬರ ಮೆತ್ತಿ ಹೋಗಿದ್ದನಲ್ಲ. ಇವನು ಹೋದ ಮೇಲೆ ಅಮ್ಮ ನೆಲ ನೋಡಿ, "ಯಾರೋ ಒಳ್ಳೇ ತಾಯಿ ಬೆಳೆಸಿದಾಳೆ ಕಣ್ರೀ" ಎಂದಳು. ನಾನೂ ಹೂಂ ಎಂದೆ.

ಈ ಮಾತು ನಿಮ್ಮ ಆಫೀಸಿನಲ್ಲಿ ಹೇಳಿ ಸಂಭ್ರಮಿಸಬೇಡ. ಇನ್ನೂ ಎರಡು ತಿಂಗಳಿದೆ.

ಅಪ್ಪ


ಡೋಕಮ್
ಡಿಸೆಂಬರ್ 12

ಕೆಂಡ್ರಾ,

ನಿನ್ನೆ ಸಂಜೆ ಟೀವಿ ಜಾಹೀರಾತಿನಲ್ಲಿ ನನ್ನ ಕೊಟ್ಟಿಗೆ ನೋಡಿದೆ. ನನ್ನ ಹೊಲ ನೋಡಿದೆ. ನನ್ನ ಬೆನ್ನನ್ನೂ ನೋಡಿದೆ, ಅದರ ಮೇಲೆ ಅವನ ಕೈ. "ಅಯೋವಾದ ರೈತ ಹಾಲೋವೇ ಜೊತೆಗಿದ್ದಾನೆ" ಎಂದು ಒಂದು ಗಡಸು ದನಿ ಹೇಳಿತು. ಕಿತ್ತಳೆ ಬಾವುಟಗಳು ಎಲ್ಲಿಯೂ ಇರಲಿಲ್ಲ. ಅಳಿಸಿಹಾಕಿದ್ದಾರೆ. ಟೀವಿಯಲ್ಲಿ ನನ್ನ ಹೊಲ ಅಷ್ಟು ಚೆನ್ನಾಗಿ ಕಂಡಿದ್ದು ಅದಕ್ಕೇ ಇರಬೇಕು.

ಇವತ್ತು ಬೆಳಿಗ್ಗೆ ಪತ್ರಿಕೆ ಬಂತು. ನಿಮ್ಮ ಗವರ್ನರ್ ಎಥನಾಲ್ ಕಾರ್ಖಾನೆಯಲ್ಲಿ ಬಿಳಿ ಟೋಪಿ ಹಾಕಿಕೊಂಡು ನಿಂತು, ಕೊಳವೆ ಬಂದೇ ಬರುತ್ತದೆ, ಯಾರೂ ತಡೆಯಲಾಗದು ಎಂದು ಭಾಷಣ ಮಾಡಿದ್ದಾನೆ. ಡೆಲ್ಬರ್ಟ್ ಫೋನು ಮಾಡಿ, "ಏನಯ್ಯಾ ಫಿಲ್ಮ್ ಸ್ಟಾರು, ನೀನೂ ಸಹಿ ಹಾಕ್ದೆ ಅಂತ ಗೊತ್ತೇ ಆಗ್ಲಿಲ್ವಲ್ಲೋ!" ಎಂದು ನಕ್ಕ. ಅವನು ನಗಬೇಕಾದ್ದೇ. ಅವನು ಮಾರಿದ್ದು ನೆಲ ಮಾತ್ರ. ನನ್ನದು ನೆಲವೂ ಹೋಗುತ್ತದೆ, ಮುಖವೂ ಹೋಯಿತು.

ನಲವತ್ತು ವರ್ಷದಿಂದ ಈ ಪಕ್ಷಕ್ಕೆ ಕುರ್ಚಿ ಹಾಕಿದ್ದೇನೆ, ಕಾಫಿ ಕಾಸಿದ್ದೇನೆ. ಅಮ್ಮ ಟೀವಿಯ ತಂತಿಯನ್ನೇ ಕಿತ್ತಿಟ್ಟಿದ್ದಾಳೆ.

ಒಂದೇ ಒಂದು ಕೇಳುತ್ತೇನೆ. ನಿನಗೆ ಗೊತ್ತಿತ್ತಾ?

ಅಪ್ಪ


ಕೌನ್ಸಿಲ್ ಬ್ಲಫ್ಸ್
ಡಿಸೆಂಬರ್ 20

ಅಪ್ಪಾ,

ಗೊತ್ತಿತ್ತು.

ಜಾಹೀರಾತು ಗೊತ್ತಿರಲಿಲ್ಲ, ನನ್ನನ್ನು ಅದಕ್ಕೆ ಯಾರೂ ಕೇಳುವುದಿಲ್ಲ. ಆದರೆ ಕಾರ್ಖಾನೆಯ ಭಾಷಣ ಗೊತ್ತಿತ್ತು. ಅವರು ನಮ್ಮ ಅಡುಗೆಮನೆಯಲ್ಲಿ ಕೂತು ಹ್ಯಾಮ್ ಬನ್ನು ತಿನ್ನುತ್ತಿದ್ದಾಗ ನಾನು ಅಂಗಳದಲ್ಲಿ ನಿಂತು ಫೋನಿನಲ್ಲಿ ನಿಗದಿ ಮಾಡುತ್ತಿದ್ದದ್ದು ಅದರ ದಿನಾಂಕವನ್ನೇ. ಅದಕ್ಕೇ ಒಳಗೆ ಬರಲಿಲ್ಲ. ಅಮ್ಮನ ಮುಖ ನೋಡಿದ್ದರೆ ಬಾಯಿಬಿಡುತ್ತಿದ್ದೆ.

ಇಲ್ಲಿ ದಿನವಿಡೀ ಫೋನು ಮಾಡಿ ಗೊತ್ತಿಲ್ಲದವರಿಗೆ ಅವರ ಗುಣಗಾನ ಮಾಡುತ್ತೇನೆ. ಮುದುಕಿಯರು "ನೀನು ಯಾರ ಮಗಳಮ್ಮಾ?" ಎಂದು ಕೇಳುತ್ತಾರೆ. ಆರ್ಲಿನ್ ಹೂಕ್ಸ್ಟ್ರಾ ಮಗಳು ಎಂದರೆ ದನಿ ಮೆತ್ತಗಾಗುತ್ತದೆ. ಆ ಮೆತ್ತಗಾದ ದನಿಯನ್ನು ವೋಟು ಮಾಡುವುದು ನನ್ನ ಕೆಲಸ. ನನ್ನ ಮೇಲೆ ನನಗೇ ಹೇಸಿಗೆಯಾಗಿದೆ ಎಂದರೆ ನೀನು ನಂಬುತ್ತೀಯೋ ಇಲ್ಲವೋ.

ನೀನು ಮಾತಾಡುವುದು ಬೇಡ. ನಿನ್ನ ಮಾತನ್ನು ನಿನಗೇ ವಾಪಸು ಕೊಟ್ಟಿದ್ದೇನೆ. ಡೋಕಮ್‌ನಲ್ಲಿ ಬೇರೆ ಯಾರೂ ಒಪ್ಪುತ್ತಿಲ್ಲ, ವರ್ಜೀನಿಯಾದಿಂದ ಬಂದ ಒಬ್ಬ ಹುಡುಗ ಅಚ್ಚುಹಾಕಿದ ಹಾಳೆ ಓದುತ್ತಾನೆ, ಓದಲಿ. ಕ್ರಿಸ್‌ಮಸ್‌ಗೆ ಬರುವುದಿಲ್ಲ. ಕೆಲಸವಿದೆ ಎಂದು ಅಮ್ಮನಿಗೆ ಹೇಳು.

ಕೆಂಡ್ರಾ


ಡೋಕಮ್
ಜನವರಿ 10

ಕೆಂಡ್ರಾ,

ಕ್ರಿಸ್‌ಮಸ್‌ಗೆ ನಿನ್ನ ತಟ್ಟೆ ಇಟ್ಟಿದ್ದೆವು. ಆಮೇಲೆ ಎತ್ತಿಟ್ಟೆವು.

ನಿನ್ನೆ ಕಾಕಸ್ ಆಯಿತು. ಮೂಗು ಕತ್ತರಿಸುವ ಚಳಿ, ಆದರೂ ಚರ್ಚಿನ ನೆಲಮಾಳಿಗೆ ತುಂಬಿತ್ತು. ನಾನೇ ಕುರ್ಚಿ ಹಾಕಿದೆ. ಸೆನೆಟರ್ ಪರವಾಗಿ ಶಾಲೆಯ ಲೋಯಿಸ್ ಮಾತಾಡಿದಳು. ಪಾದ್ರಿ ಸ್ಟೇಪಲ್ಟನ್ ಪರವಾಗಿ ನಮ್ಮ ಚರ್ಚಿನ ಪಾದ್ರಿಯ ಭಾವಮೈದುನ. ದೋಣಿಯವನ ಪರವಾಗಿ ಡೆಲ್ಬರ್ಟ್ ಎದ್ದು, "ಇವನು ಎಲ್ಲರ ಹಲ್ಲು ಮುರೀತಾನೆ, ಅಷ್ಟು ಸಾಕು" ಎಂದ. ಚಪ್ಪಾಳೆಯೋ ಚಪ್ಪಾಳೆ. ಜಡ್ಜ್ ಪರವಾಗಿ ಯಾರೂ ಇರಲಿಲ್ಲ ಎಂದು ಅಮ್ಮನೇ ಎದ್ದು, "ಆ ಹೆಂಗಸು ನಮ್ಮೆಜಮಾನ್ರಿಗೆ ಮುಖದ ಮೇಲೆ ಬೈದ್ಲು, ನಂಗೆ ಅವಳೇ ಸರಿ" ಎಂದು ಕೂತಳು.

ಆಮೇಲೆ ಹಾಲೋವೇ ಸರದಿ. ವರ್ಜೀನಿಯಾದ ಹುಡುಗ ಹಾಳೆ ಹಿಡಿದು ಎದ್ದ. "ಕೂತ್ಕೋಪ್ಪಾ, ನಾನು ಮಾತಾಡ್ತೀನಿ" ಎಂದೆ.

ಮಾತನ್ನು ವಾಪಸು ಕೊಟ್ಟಿದ್ದೇನೆ ಎಂದು ನೀನು ಬರೆದಿದ್ದೆ. ಕೊಟ್ಟ ಮಾತು ಎರವಲು ತಂದ ಸುತ್ತಿಗೆಯೇ, ವಾಪಸು ಮಾಡಲಿಕ್ಕೆ? ಎದ್ದು ನಿಂತೆ. ನೆಲಮಾಳಿಗೆ ಸದ್ದಡಗಿತು. ಹೇಳಿದ್ದನ್ನು ಹಾಗೆಯೇ ಬರೆಯುತ್ತೇನೆ:

"ಗವರ್ನರ್ ಹಾಲೋವೇಯಲ್ಲಿ ನನ್ನ ಕಣ್ಣಾರೆ ಕಂಡ ಒಳ್ಳೇದನ್ನೆಲ್ಲ ಹೇಳ್ತೀನಿ ಅಂತ ಮಗಳಿಗೆ ಮಾತು ಕೊಟ್ಟಿದೀನಿ. ನವೆಂಬರಲ್ಲಿ ನಮ್ಮನೆಗೆ ಬಂದಿದ್ರು. ಹೊಲ ಎಲ್ಲಾ ಕೆಸರು. ಯಾರೂ ಹೇಳ್ದೇನೇ ಹಿಂಬಾಗಿಲಲ್ಲಿ ಬೂಟು ಬಿಚ್ಚಿ, ಗೋಡೆ ಪಕ್ಕ ಜೋಡ್ಸಿಟ್ಟು ಒಳಗೆ ಬಂದ್ರು. ನಮ್ಮನೆಯವಳು ಲವಾನ್ ಅವತ್ತು ನೆಲ ಒರೆಸಿದ್ಲು, ಒಂದು ಕಲೆ ಬೀಳ್ಲಿಲ್ಲ."

ಅಷ್ಟು ಹೇಳಿ ಸುಮ್ಮನಾದೆ. ಎಲ್ಲರೂ ಕಾದರು. ಡೆಲ್ಬರ್ಟ್‌ಗೆ ತಡೆಯಲಾಗಲಿಲ್ಲ. "ಮುಂದೆ ಹೇಳೋ ಮಾರಾಯಾ!" ಎಂದ.

"ಮುಂದೆ ಏನೂ ಇಲ್ಲ. ಎರಡು ತಿಂಗಳು ಯೋಚ್ನೆ ಮಾಡಿದೀನಿ, ಅಷ್ಟೇ ಸಿಕ್ಕಿದ್ದು" ಎಂದು ಕೂತೆ.

ಮೊದಲು ಒಬ್ಬರು ನಕ್ಕರು, ಆಮೇಲೆ ಎಲ್ಲರೂ. ನಾನು ನಗಲಿಲ್ಲ. ಹಾಸ್ಯಕ್ಕೆ ಹೇಳಿದ್ದಲ್ಲ. ಐಸ್‌ಕ್ರೀಂ ಬಕೆಟ್ಟಿಗೆ ಚೀಟಿ ಹಾಕಿಸಿ ಎಣಿಸಿದೆವು. ಗೆದ್ದದ್ದು ದೋಣಿಯವನು. ನಿಮ್ಮವನಿಗೆ ಬಿದ್ದದ್ದು ಬೆರಳೆಣಿಕೆ. ಆ ಬೂಟಿನ ಕಥೆಗೇ ವೋಟು ಹಾಕಿದೆ ಎಂದು ಲೋಯಿಸ್‌ಳ ಗಂಡ ಆಮೇಲೆ ಬಂದು ಹೇಳಿದ. ನಾನು ಯಾರ ಹೆಸರೂ ಬರೆಯಲಿಲ್ಲ. ಖಾಲಿ ಚೀಟಿ ಮಡಿಸಿ ಹಾಕಿದೆ. ನಲವತ್ತು ವರ್ಷದಲ್ಲಿ ಮೊದಲ ಸಲ.

ಒಂದು ಮಾತೂ ಹೆಚ್ಚು ಹೇಳಿಲ್ಲ, ಕಡಿಮೆಯೂ ಹೇಳಿಲ್ಲ.

ಅಪ್ಪ


ಕೌನ್ಸಿಲ್ ಬ್ಲಫ್ಸ್
ಜನವರಿ 21

ಅಪ್ಪಾ,

ನೀನು ಮಾತಾಡಿದ್ದನ್ನು ಯಾರೋ ಫೋನಿನಲ್ಲಿ ಹಿಡಿದಿದ್ದರು. ಬೆಳಗಾಗುವಷ್ಟರಲ್ಲಿ ರಾಜ್ಯವೆಲ್ಲ ನೋಡಿ ನಕ್ಕಾಗಿತ್ತು. ಗವರ್ನರ್ ಮೂರನೆಯವರಾದರು. ಮೇಲಿನವನೊಬ್ಬ ನನ್ನನ್ನು ಕರೆದು "ಆ ಮುದುಕ ನಿಮ್ಮಪ್ಪನಂತೆ?" ಎಂದ. ಹೌದು ಎಂದೆ. ಮುಂದಿನ ರಾಜ್ಯಕ್ಕೆ ಬರುವುದು ಬೇಡ ಎಂದ. ಹೊರಗೆ ಬಂದು ಕಾರಿನಲ್ಲಿ ಕೂತು ಜೋರಾಗಿ ನಕ್ಕೆ. ಆಮೇಲೆ ಅತ್ತೆ.

ನಿನ್ನ ಮೇಲೆ ಸಿಟ್ಟಿಲ್ಲ. ಆದರೆ ಒಂದು ವಿಷಯ ಹೇಳದಿದ್ದರೆ ನನಗೆ ನಿದ್ದೆ ಬರುವುದಿಲ್ಲ. ನೀನು ಒಂದು ಮಾತೂ ಹೆಚ್ಚು ಹೇಳಿಲ್ಲ ಎಂದು ಬರೆದಿದ್ದೀಯ. ಹೇಳಿದ್ದೀಯ.

ಆ ಬೂಟು ಬಿಚ್ಚಲು ಹೇಳಿದವಳು ನಾನು. ಕಾರಿನಲ್ಲಿ ಬರುವಾಗ ದಾರಿಯುದ್ದಕ್ಕೂ ಹೇಳಿದ್ದೆ. "ಸಾರ್, ನಮ್ಮಮ್ಮ ನೆಲ ಒರೆಸಿರ್ತಾಳೆ. ಹಿಂಬಾಗಿಲಲ್ಲೇ ಬೂಟು ಬಿಚ್ಚಿ. ಗೋಡೆ ಪಕ್ಕ ಇಡಿ, ನಡುವೆ ಬಿಟ್ರೆ ನಮ್ಮಪ್ಪ ಎಡವ್ತಾರೆ." ಅವರು ಮುಖ ಸಿಂಡರಿಸಿಕೊಂಡು "ಒಳಗೂ ಕ್ಯಾಮರಾ ಬರತ್ತಾ?" ಎಂದು ಕೇಳಿದರು. ಇಲ್ಲ ಎಂದೆ. "ಹಾಗಾದ್ರೆ ಯಾಕೆ?" ಎಂದರು. ಅವರ ಕಾಲ್ಚೀಲ ತೆಳ್ಳಗಿದೆ, ಅಡುಗೆಮನೆಯ ನೆಲ ತಣ್ಣಗಿರುತ್ತದೆ ಎಂದು ಪೆಟ್ರೋಲ್ ಬಂಕಿನಲ್ಲಿ ನಿಲ್ಲಿಸಿ ಆ ಉಣ್ಣೆಯ ಕಾಲ್ಚೀಲ ತಂದುಕೊಟ್ಟವಳೂ ನಾನೇ.

ಹಾಗಾಗಿ ಆ ಒಂದು ಒಳ್ಳೆಯದೂ ಅವರಲ್ಲಿ ಇರಲಿಲ್ಲ ಅಪ್ಪಾ. ನಿನ್ನಿಂದ ಅಷ್ಟು ಜನರೆದುರು ಸುಳ್ಳು ಹೇಳಿಸಿಬಿಟ್ಟೆ.

ಕೆಂಡ್ರಾ


ಡೋಕಮ್
ಜನವರಿ 27

ಕೆಂಡ್ರಾ ಮಗಳೇ,

ನಿನ್ನ ಕಾಗದ ಓದಿ ಅಮ್ಮ ಅಡುಗೆಮನೆಯಲ್ಲಿ ಕೂತುಬಿಟ್ಟಳು. "ನಾನು ಹೇಳ್ಲಿಲ್ವಾ, ಒಳ್ಳೇ ತಾಯಿ ಬೆಳೆಸಿದಾಳೆ ಅಂತ" ಎಂದಳು. ನಗುತ್ತಿದ್ದಳೋ ಅಳುತ್ತಿದ್ದಳೋ ನನಗೆ ತಿಳಿಯಲಿಲ್ಲ.

ನಾನು ಸುಳ್ಳು ಹೇಳಿಲ್ಲ. ಒಳ್ಳೆಯದನ್ನು ಕಂಡೆ, ಹೇಳಿದೆ. ಯಾರದ್ದು ಎಂಬುದಷ್ಟೇ ನನಗೆ ಗೊತ್ತಿರಲಿಲ್ಲ. ಹಾಗಾದರೆ ಆ ಸಂಜೆ ಇಡೀ ಡೋಕಮ್ ಎದುರು ನಾನು ಎದ್ದು ನಿಂತು ಮಾತಾಡಿದ್ದು ನಿನ್ನ ಪರವಾಗಿ.

ಕೊಳವೆಯ ವಿಚಾರಣೆ ಮಾರ್ಚಿನಲ್ಲಿ, ಇಲ್ಲೇ ಶಾಲೆಯ ಸಭಾಂಗಣದಲ್ಲಿ. ಸೋಲುತ್ತೇನೆ, ಜಡ್ಜ್ ಹೇಳಿದ್ದು ನಿಜವೇ ಇರಬೇಕು. ಆದರೆ ಹೊಲದವನ ಪರವಾಗಿ ಒಬ್ಬರು ಎದ್ದು ಮಾತಾಡಬಹುದಂತೆ. ನನಗೆ ಯಾರೂ ಇಲ್ಲ. ನೀನು ಬರುತ್ತೀಯಾ? ಬಸಿಕೊಳವೆ ಎಲ್ಲೆಲ್ಲಿದೆ ಎಂದು ನಡೆದು ತೋರಿಸುತ್ತೇನೆ. ನೀನು ಕಣ್ಣಾರೆ ಕಂಡಷ್ಟನ್ನು ಹೇಳು, ಸಾಕು. ನನ್ನಲ್ಲಿ ಏನಾದರೂ ಒಳ್ಳೆಯದು ಕಂಡಿದ್ದರೆ ಅದನ್ನೂ ಒಂದು ಮಾತು ಸೇರಿಸು.

ನೀನು ಬಿಟ್ಟುಹೋದ ಹೊಲದ ಬೂಟು ಇನ್ನೂ ಗೋಡೆಯ ಪಕ್ಕದಲ್ಲೇ ಇದೆ. ಅಮ್ಮ ಅದನ್ನು ಎತ್ತಿಡಲು ಬಿಟ್ಟಿಲ್ಲ.

ನಿನ್ನ ಅಪ್ಪ